ಪೇಸ್ಟಿನ ಮುಚ್ಚಳದ ಭಾರ

ಜಿಮ್ಮಿನಲ್ಲಿ ಎಲ್ಲರೂ ತಮ್ಮ ತರಬೇತುದಾರನನ್ನು ಅವನ ಬೆನ್ನ ಹಿಂದೆ ‘ಸ್ಕೇಲು’ ಎನ್ನುತ್ತಿದ್ದರು. ನೆಲದ ಮೇಲಿನ ಬಾರನ್ನು ಎತ್ತುವ ಡೆಡ್‌ಲಿಫ್ಟ್ ಕಲಿಸುವಾಗ ಯಾರ ಬೆನ್ನಾದರೂ ಚೂರು ಗೂನಾದರೆ ಸಾಕು, “ಏನ್ರೀ, ಗುಂಡುಸೂಜಿ ಹುಡುಕ್ತಿದ್ದೀರಾ?” ಎಂದು ಮೂಗಿನಲ್ಲಿ ರಾಗ ಎಳೆಯುತ್ತಿದ್ದ.

ಅಂಥವನು ಇವತ್ತು ಬೆಳಿಗ್ಗೆ ಬಚ್ಚಲಿನಲ್ಲಿ ಬಿದ್ದ ಟೂತ್‌ಪೇಸ್ಟಿನ ಮುಚ್ಚಳ ಎತ್ತಲು ಕೊಡೆಯ ಹಿಡಿಯಂತೆ ಬಗ್ಗಿದ. ಸೊಂಟ ಕಟಕ್ಕೆಂದಿತು. ಬಗ್ಗಿದವನು ಬಗ್ಗಿದಂತೆಯೇ ಉಳಿದ.

ಹೊಲಿಗೆ ಯಂತ್ರ ಬಿಟ್ಟು ಅಕ್ಕ ಓಡಿಬಂದಳು. ಅವನಿಗೆ ನೋವಿಗಿಂತ ಮಾನದ ಚಿಂತೆ. ಸಂಜೆ ಹೊಸಬರಿಗೆ ಮೊದಲ ಪಾಠ. ಮುಚ್ಚಳದ ಸುದ್ದಿ ಹಬ್ಬಿದರೆ ತನ್ನ ಮಾತಿಗೆ ಇನ್ನು ಯಾರು ಬೆಲೆ ಕೊಡುತ್ತಾರೆ? ಅಕ್ಕ ಅವನನ್ನು ಆಪಾದಮಸ್ತಕ ನೋಡಿ, ಥೇಟ್ ಅವನದೇ ಮೂಗಿನ ದನಿ ತೆಗೆದಳು: “ಏನ್ರೀ, ಗುಂಡುಸೂಜಿ ಹುಡುಕ್ತಿದ್ದೀರಾ?”

“ನಗಿಸ್ಬೇಡ ಕಣೇ ಅಕ್ಕ. ನಕ್ರೆ ನೋಯುತ್ತೆ.”

ಬಿಸಿನೀರಿನ ಶಾಖಕ್ಕೆ ಸಂಜೆಯ ಹೊತ್ತಿಗೆ ಸೊಂಟ ಸಡಿಲವಾಯಿತು. ಆದರೂ ಮೈಮರೆತರೆ ಬೆನ್ನು ಮುದುಡುತ್ತಿತ್ತು. ಅಕ್ಕ ತನ್ನ ಬಟ್ಟೆ ಅಳೆಯುವ ಕೋಲನ್ನು ಅಂಗಿಯೊಳಗೆ ಅವನ ಬೆನ್ನಿಗೆ ಆನಿಸಿ, ಚೂರುಬಟ್ಟೆಯಿಂದ ಬಿಗಿದು ಕಳಿಸಿದಳು.

ಹೊಸಬರು ಅವನ ನಿಲುವು ನೋಡಿ ಬೆರಗಾದರು. ಇವತ್ತು ಭಾರ ಬೇಡ, ಬಗ್ಗುವುದಷ್ಟೇ ಕಲಿಯಿರಿ ಎಂದು ಗತ್ತಿನಿಂದ ಹೇಳಿದ. ಮಂಡಿ ತುಸು ಸಡಿಲಿಸಿ, ಕುಂಡೆ ಹಿಂದಕ್ಕೆ ತಳ್ಳಿ, ಬೆನ್ನು ಹಾಗೇ ಇಟ್ಟು ಬಗ್ಗಿದ. ಚೂರುಬಟ್ಟೆಯ ಗಂಟು ಜಾರಿತು. ಕೋಲು ಕಾಲರಿನಿಂದ ಮೆಲ್ಲಗೆ ತಲೆಯೆತ್ತಿತು.

“ಸಾರ್, ಅದೂ ಪಾಠಕ್ಕೇ ಬಂದಿದ್ಯಾ?” ಎಂದರು ಹೊಸಬರಲ್ಲೊಬ್ಬರಾದ ಲೈಬ್ರರಿ ಮೇಡಂ.

ಹೌದು ಎಂಬ ಸುಳ್ಳು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಸೊಂಟ ಚುಳುಕ್ಕೆಂದಿತು. ಮುಚ್ಚಳದ ಕಥೆಯನ್ನೆಲ್ಲ, ಅಕ್ಕನ ಗುಂಡುಸೂಜಿಯ ಅಣಕವನ್ನೂ ಬಿಡದೆ, ಹೇಳಿಬಿಟ್ಟ.

ಅವರ ಪಕ್ಕದಲ್ಲಿದ್ದ ಬೇಕರಿಯವನು ನಗಲಿಲ್ಲ. “ಮೈದಾ ಮೂಟೆ ಅಂದ್ರೆ ನಾನು ಹುಷಾರು ಸಾರ್. ನನ್ನ ಸೊಂಟ ಹಿಡ್ಕೊಂಡಿದ್ದು ಚಮಚ ಎತ್ತೋಕೆ ಹೋಗಿ.”

ಕೋಲು ಅವನ ಅಂಗಿಯಿಂದ ಹೊರಬಂದು ಹೊಸಬರ ಬೆನ್ನಿಂದ ಬೆನ್ನಿಗೆ ಹೋಯಿತು. ತಲೆಯ ಹಿಂಭಾಗ, ಹೆಗಲುಗಳ ನಡುವೆ, ಬೆನ್ನುಮೂಳೆಯ ತುದಿ: ಬಗ್ಗುವಾಗ ಮೂರೂ ಕಡೆ ತಾಗಿರಬೇಕು, ಎಲ್ಲಿ ಕೋಲು ಬಿಟ್ಟಿತೋ ಅಲ್ಲಿ ತಪ್ಪು. ಮೂದಲಿಸುವ ಕೆಲಸವೇ ಅವನಿಗೆ ಉಳಿಯಲಿಲ್ಲ.

ಹೊಲಿಗೆ ನಿಂತುಹೋಗಿದೆ, ಕೋಲು ಕೊಡು ಎನ್ನುತ್ತ ಅಕ್ಕ ಬಾಗಿಲಲ್ಲಿ ಕಾಣಿಸಿಕೊಂಡಳು. ಅವಳ ಕೈಯಿಂದ ನೂಲಿನ ಉಂಡೆ ಜಾರಿತು. ಎತ್ತಿಕೊಳ್ಳಲು ಕೊಡೆಯ ಹಿಡಿಯಂತೆ ಬಗ್ಗಿದಳು.

“ಏನ್ರೀ, ಗುಂಡುಸೂಜಿ ಹುಡುಕ್ತಿದ್ದೀರಾ?” ಎಂದಿತು ಇಡೀ ತರಗತಿ, ಒಂದೇ ಮೂಗಿನಲ್ಲಿ.

ಸ್ಕೇಲು ಸೊಂಟ ಹಿಡಿದುಕೊಂಡೇ ನಕ್ಕ.