ಮೊಳಕೆ ರಾಗಿ

ಅಕ್ಕಿ ಕಣಜದ ಹಿಂದೆ ಕೈಹಾಕಿದ ಪ್ರಭಾವತಿಗೆ ಬರಿಯ ಒದ್ದೆ ನೆಲ ಸಿಕ್ಕಿತು. ರಾಗಿಯ ಗಂಟು ಅಲ್ಲಿರಲಿಲ್ಲ. ಇಲಿ ಎಳೆದುಕೊಂಡು ಹೋಗಿರಬೇಕೆಂದು ಒಂದು ಗಳಿಗೆ ತನಗೆ ತಾನೇ ಸುಳ್ಳು ಹೇಳಿಕೊಂಡಳು. ಆದರೆ ಗಂಟಿನ ಮೇಲೆ ಹೇರಿದ್ದ ಕಲ್ಲನ್ನು ಯಾರೋ ತೊಳೆದು ಗೋಡೆಗೆ ಒರಗಿಸಿದ್ದರು. ಇಲಿಗೆ ಅಷ್ಟು ಅಚ್ಚುಕಟ್ಟು ಎಲ್ಲಿಂದ ಬರಬೇಕು?

ಸೊಂಟದ ಮೇಲಿದ್ದ ವಾರಿಜಾಕ್ಷಿ ಕುಂಯ್ ಎಂದಳು. ಹನ್ನೊಂದು ತಿಂಗಳ ಕೂಸು. ನೋಡಿದವರು ಐದು ತಿಂಗಳೇ ಎಂದು ಕೇಳುತ್ತಿದ್ದರು. ತಾಯಿಯ ಎದೆಹಾಲು ಬತ್ತಿತ್ತು. ಅಕ್ಕಿ ಗಂಜಿ, ರಾಗಿ ಹಿಟ್ಟಿನ ಮಣ್ಣಿ, ಏನು ಕುಡಿಸಿದರೂ ಕುಡಿಸಿದ ಹಾಗೆಯೇ ಹೊರಗೆ ಬರುತ್ತಿತ್ತು. ತೀರ್ಥಹಳ್ಳಿಯ ಡಾಕ್ಟರು ಕೊಟ್ಟ ಔಷಧಿಯ ಬಾಟಲಿಯೂ ಬರಿದಾಗಿತ್ತು. ಕೊನೆಗೆ ದಾರಿ ತೋರಿಸಿದವಳು ಸೂಲಗಿತ್ತಿ ಹುಲಿಯಮ್ಮ.

"ಬರೀ ಹಿಟ್ಟು ಈ ಕೂಸಿಗೆ ಅರಗಾದಿಲ್ಲ ಅಮ್ಮೋರೇ. ರಾಗಿ ನೆನೆಹಾಕಿ, ಬಟ್ಟೇಲಿ ಗಂಟು ಕಟ್ಟಿ ಮೊಳಕೆ ಬರಿಸ್ರಿ. ಆಮೇಲೆ ಒಣಗಿಸಿ, ಹುರಿದು, ಬೀಸಿ ಮಣ್ಣಿ ಮಾಡಿ. ಮೊಳಕೆ ಬಂದ ರಾಗಿ ಹೊಟ್ಟೇಲಿ ನಿಲ್ತದೆ. ನನ್ನ ಮೊಮ್ಮಗ ಬದುಕಿದ್ದೇ ಅದ್ರಲ್ಲಿ."

ಹುಲಿಯಮ್ಮನಿಗೇನು, ಹೇಳಿ ಹೋದಳು. ಇದು ಜೈನರ ಮನೆ. ಮೊಳೆತ ಕಾಳಿನಲ್ಲಿ ಲೆಕ್ಕಕ್ಕೆ ಸಿಗದಷ್ಟು ಜೀವ, ತಿನ್ನುವ ಹಾಗಿಲ್ಲ. ಅತ್ತೆ ಧರ್ಮಾವತಿಯಮ್ಮ ಹುಂಚದ ಬಸದಿಯಲ್ಲಿ ಮುನಿಗಳ ಮುಂದೆ ನೇಮ ಹಿಡಿದವರು ಬೇರೆ. ಗಂಡ ಪದ್ಮಪ್ರಸಾದನ ಕಿವಿಗೆ ಹಾಕಿದ್ದಕ್ಕೆ ಆತ "ಅಮ್ಮನ್ನ ಕೇಳು" ಎಂದು ಕೋಣಂದೂರಿನ ಅಂಗಡಿಗೆ ಹೊರಟುಬಿಟ್ಟ. ಅಮ್ಮನನ್ನು ಕೇಳುವ ಧೈರ್ಯವಿದ್ದರೆ ಅವನನ್ನೇಕೆ ಕೇಳುತ್ತಿದ್ದಳು? ದೇಶದ ಎರಡನೇ ಮಹಾಚುನಾವಣೆಯ ದಿನ ಅತ್ತೆ ಓಟು ಹಾಕಲು ಹೋದಾಗ ಕದ್ದು ನೆನೆಹಾಕಿದ್ದಳು. ಮರುದಿನ ಗಂಟು ಕಟ್ಟಿದ್ದಳು. ಇವತ್ತು ಬಿಚ್ಚಬೇಕಿತ್ತು.

ಹಿತ್ತಿಲಿಗೆ ಬಂದರೆ, ಹರಿವೆ ಸೊಪ್ಪಿನ ಖಾಲಿ ಮಡಿಯ ಮುಂದೆ ಧರ್ಮಾವತಿಯಮ್ಮ ಕುಕ್ಕರಗಾಲಿನಲ್ಲಿ ಕೂತಿದ್ದರು. ಮಡಿಲಲ್ಲಿ ಬಿಚ್ಚಿದ ಗಂಟು. ಬಿಳಿ ಮೊಳಕೆ ಮುರಿಯದ ಹಾಗೆ ಚಿಟಿಕೆ ಚಿಟಿಕೆಯಾಗಿ ರಾಗಿ ಹರಡಿ, ಮೇಲೆ ಪುಡಿಮಣ್ಣು ಉದುರಿಸುತ್ತಿದ್ದರು.

"ಅತ್ತೆ, ಅದು ಮಗೂಗೆ..."

"ಗೊತ್ತು." ಅವರು ತಲೆಯೆತ್ತಲಿಲ್ಲ. "ಬಿಸಾಕಿದ್ರೆ ಒಣಗಿ ಸಾಯ್ತವೆ. ಹುರಿದ್ರೂ ಸಾಯ್ತವೆ. ಎಂತ ಮಾಡ್ಲಿ ಹೇಳು? ಜೀವ ಬಂದ್ಮೇಲೆ ಮಣ್ಣಿಗೆ ಹಾಕ್ದೆ ಬೇರೆ ದಾರಿ ಇಲ್ಲ."

"ಕೂಸಿಗೂ ಜೀವ ಇದೆಯಲ್ಲ ಅತ್ತೆ."

ಆ ಮನೆಗೆ ಬಂದ ಮೇಲೆ ಪ್ರಭಾವತಿ ಎದುರಾಡಿದ್ದು ಅದೇ ಮೊದಲು. ಬೈಯಲಿ ಎಂದು ಕಾದಳು. ಬೈದರೆ ಅತ್ತು, ಕಾಲಿಗೆ ಬಿದ್ದು, ಹೇಗಾದರೂ ಒಂದು ಹಿಡಿ ಉಳಿಸಿಕೊಳ್ಳಬಹುದಿತ್ತು. ಅತ್ತೆ ಬೈಯಲಿಲ್ಲ. ಮಣ್ಣಿನ ಕೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡರು.

"ನಿನ್ನ ಗಂಡನಿಗಿಂತ ಮುಂಚೆ ಎರಡು ಹುಟ್ಟಿದ್ವು ನಂಗೆ. ಎರಡೂ ಹೀಗೇ ಸಣ್ಣಗಾದ್ವು. ಆವಾಗ್ಲೂ ಸೂಲಗಿತ್ತಿ ಇದನ್ನೇ ಹೇಳಿದ್ಲು. ನಮ್ಮತ್ತೆ ಬ್ಯಾಡ ಅಂದ್ರು, ನಾನು ಅವ್ರ ಮಾತು ಕೇಳ್ದೆ, ಎರಡೂ ಹೋದ್ವು. ಈಗ ನಿಂಗೆ ಮಾಡು ಅಂದ್ರೆ... ಆ ಎರಡನ್ನ ನಾನೇ ಕೊಂದ ಹಂಗಲ್ವೇನೆ, ಪ್ರಭಾ?"

ಪ್ರಭಾವತಿಗೆ ಅತ್ತೆಯ ಮೇಲೆ ಹುಟ್ಟಿದ್ದ ಸಿಟ್ಟೂ ಕೈಬಿಟ್ಟು ಹೋಗಿ, ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ. ಧರ್ಮಾವತಿಯಮ್ಮ ಬಟ್ಟೆಯ ಮಡಿಕೆಯಲ್ಲಿ ಅಂಟಿದ್ದ ಕೊನೆಯ ಕಾಳನ್ನೂ ಬಿಡಿಸಿ ಮಣ್ಣಿಗಿಟ್ಟರು.

ಎಂಟನೆಯ ದಿನ ಮಡಿ ತುಂಬ ಹಸಿರು ಎದ್ದಿತ್ತು. ಧರ್ಮಾವತಿಯಮ್ಮ ಸೋಸಿದ ನೀರನ್ನು ಅಂಗೈಯಿಂದ ಚಿಮುಕಿಸುತ್ತ, "ಒಂದೂ ಸತ್ತಿಲ್ಲ" ಎಂದರು. ಅವರ ದನಿಯಲ್ಲಿ ಸಂತೋಷವಿರಲಿಲ್ಲ.

ಪ್ರಭಾವತಿ ಬಾಗಿಲಲ್ಲಿ ನಿಂತು ಕೇಳಿದಳು. ಅಭ್ಯಾಸಬಲದಿಂದ ಕೂಸನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು. ಬದಲಾಯಿಸುವ ಅಗತ್ಯವಿರಲಿಲ್ಲ, ಭಾರವೇ ಇಲ್ಲದ ಕೂಸನ್ನು ಹೊತ್ತ ಕಡೆ ಒಂದಿಷ್ಟೂ ನೋಯುತ್ತಿರಲಿಲ್ಲ.