ಕೊಪ್ಪಲಿನ ಬೀದಿಗೆ ಕುದುರೆ

ಹುಣಸೆಬೀಜಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟುಕೊಂಡು ಸಿದ್ದರಾಮು ಬೆಳಗಿನಿಂದ ದಾರಿ ಹುಡುಕುತ್ತಿದ್ದ. ಬಾಗಿಲ ಬಳಿಯ ಬೀಜ ಮಂಡ್ಯ. ಒರಳಿನ ಹತ್ತಿರದ್ದು ಮದ್ದೂರು. ಅಲ್ಲಿಂದ ದೊಡ್ಡಿ, ದೊಡ್ಡಿಯಿಂದ ಮಳವಳ್ಳಿ, ಮಳವಳ್ಳಿಯಾಚೆ ಬಂಡೂರು. ಇಲ್ಲಿಯವರೆಗಿನ ಬೀಜಗಳು ಇಟ್ಟ ಜಾಗದಲ್ಲೇ ಇರುತ್ತಿದ್ದವು. ಕೊನೆಯದು ಕೊಂಗನಕೊಪ್ಪಲು. ಅದನ್ನು ಮಾತ್ರ ಅವನು ಒಮ್ಮೆ ಒಲೆಯ ಕಡೆ ತಳ್ಳುತ್ತಿದ್ದ, ಒಮ್ಮೆ ಗೋಡೆಯ ಕಡೆ ಎಳೆಯುತ್ತಿದ್ದ.

ಮುದ್ದೆ ತಿರುವುತ್ತಿದ್ದ ಹೆಂಡತಿ ಮರಿತಾಯಮ್ಮ ಕೋಲು ನಿಲ್ಲಿಸಿ ನೋಡಿದಳು.

"ಅದೆಷ್ಟು ದಪ ಸುತ್ತಾಕ್ಸೀಯೆ ಅದ್ನ? ಎಲ್ಲಿಟ್ರೂ ಅದು ನಮ್ಮಪ್ಪನ ಊರೇ. ಜಾಗ ಬುಟ್ಟು ಓಗಾಕಿಲ್ಲ."

"ನಿಮ್ಮಪ್ಪನ ಊರು ಅಂತ್ಲೇ ಸುತ್ತಾಕ್ಸ್ತಿರಾದು," ಅಂದ ಸಿದ್ದರಾಮು.

ಹಿತ್ತಿಲಲ್ಲಿ ತಟ್ಟುಕುದುರೆ ಮೂಗು ಕೊಡವಿತು. ಮಂಡ್ಯದ ಮಗ್ಗುಲಿನ ಗುತ್ತಲಿನ ಹೊಲಗೇರಿಯಲ್ಲಿ ಕುದುರೆಯ ಲದ್ದಿ ಬಿದ್ದದ್ದು ಇದೇ ಮೊದಲು. ಕೇರಿಯ ಮುದುಕರು ದಿನಕ್ಕೊಮ್ಮೆ ಬಂದು ಅದನ್ನು ನೋಡಿ, ಒಂದು ಹಿಡಿ ಹುಲ್ಲು ಹಾಕಿ ಹೋಗುತ್ತಿದ್ದರು. ಸಿಡುಬಿಗೆ ದಾಕು ಹಾಕುವ ಕೆಲಸ ಸಿದ್ದರಾಮುವಿಗೆ ಸಿಕ್ಕಿತ್ತು. ಮಕ್ಕಳ ತೋಳು ಗೀರಿ ಮದ್ದು ಸವರಿ, ಗುಳ್ಳೆ ಎದ್ದಿತೋ ಇಲ್ಲವೋ ನೋಡಿಕೊಂಡು ಊರೂರು ತಿರುಗುವ ಸರ್ಕಾರಿ ಚಾಕರಿ. ಕಾಲುವೆ ನೀರು ಬಂದು, ಸಕ್ಕರೆ ಕಾರ್ಖಾನೆಯ ಕೊಳವೆಯಲ್ಲಿ ಹೊಗೆ ಎದ್ದು ಮಂಡ್ಯ ಪಟ್ಟಣವಾಗುತ್ತಿದ್ದ ಕಾಲ. ಮಳವಳ್ಳಿಯ ಕಡೆಯ ಹಳ್ಳಿಗಳಿಗೆ ಮಾತ್ರ ಇನ್ನೂ ಗಾಡಿಜಾಡೇ ಗತಿ. ಆದ್ದರಿಂದ ಕುದುರೆ, ಆದ್ದರಿಂದ ಡೇರೆ.

ಡೇರೆಯ ಮಾತೆತ್ತಿದಾಗ ಮದ್ದೂರಿನಲ್ಲಿ ದಾಕಿನ ಇನ್‌ಸ್ಪೆಕ್ಟರ್ ಯೋಗಾನರಸಿಂಹಯ್ಯಂಗಾರ್ಯರು ನಕ್ಕಿದ್ದರು.

"ಡೇರೆ ಯಾತಕ್ಕಯ್ಯ ನಿನಗೆ? ನೀನೇನು ಕಮಿಷನರೆ? ಊರೂರಲ್ಲಿ ಮುಸಾಫರಖಾನೆ ಇದೆ, ಚಾವಡಿ ಇದೆ..."

ಸಿದ್ದರಾಮು ಜಗುಲಿಯ ಕೆಳಗೆ ಅಂಗಳದಲ್ಲಿ ನಿಂತಿದ್ದ. ಅಯ್ಯಂಗಾರ್ಯರು ಅವನ ಮುಖ ನೋಡಿದರು, ಅವನ ಕಾಲು ನೋಡಿದರು, ಆಮೇಲೆ ನಶ್ಯದ ಡಬ್ಬಿ ಹುಡುಕಿದರು.

"ಸರಿ ಸರಿ. ಉಗ್ರಾಣದಲ್ಲಿ ಹಳೇದೊಂದು ಬಿದ್ದಿದೆ, ತಗೊಂಡು ಹೋಗು. ಆದರೆ ಒಂದು ಮಾತು. ಸರ್ಕೀಟು ಹೊರಟ ಮೇಲೆ ಊರೊಳಗೆ ಕುದುರೆ ಮೇಲೇ ಹೋಗಬೇಕು. ಕುದುರೆ ಭತ್ಯ ಕೊಡೋದು ಲಗಾಮು ಹಿಡಕೊಂಡು ನಡೆಯೋಕಲ್ಲ. ಇಳಿದು ನಡೆದೆ ಅಂತ ಯಾರಾದರೂ ಬರೆದು ಹಾಕಿದರೆ ನನ್ನ ಕೈಲಿ ಏನೂ ಆಗೋಲ್ಲ, ತಿಳೀತೆ?"

ತಿಳಿದಿತ್ತು. ತಿಳಿಯದೆ ಇದ್ದದ್ದು ಅಯ್ಯಂಗಾರ್ಯರಿಗೆ. ಕೊಪ್ಪಲಿನ ಊರಬಾಗಿಲಲ್ಲಿ ಊರು ಕಟ್ಟುವಾಗ ನೆಟ್ಟ ಕರುವುಗಲ್ಲು ಒಂದು ಇದೆ. ಕೇರಿಯವರು ಅಲ್ಲಿ ಮೆಟ್ಟು ಬಿಚ್ಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು, ತಲೆಯ ವಸ್ತ್ರ ತೆಗೆದು ಒಳಗೆ ಹೋಗಬೇಕು. ಮದುವೆಯ ದಿನ ಸಿದ್ದರಾಮುವೂ ಹಾಗೇ ಹೋಗಿದ್ದ. ಬಾಸಿಂಗ ಕಟ್ಟಿದ ಮದುಮಗ ಬರಿಗಾಲಲ್ಲಿ, ಅದೂ ಬೀದಿಯಲ್ಲಲ್ಲ, ತಿಪ್ಪೆಗಳ ಹಿಂದಿನ ಓಣಿಯಲ್ಲಿ. ಈಗ ಅದೇ ಕಲ್ಲನ್ನು ಕುದುರೆಯ ಮೇಲೆ ಕೂತು ದಾಟಬೇಕು. ದಾಟಿದರೆ ಅವನು ದಾಕು ಹಾಕಿ ಮುಂದಿನ ಊರಿಗೆ ಹೋಗಿಬಿಡುತ್ತಾನೆ. ಅಲ್ಲೇ ಬದುಕಬೇಕಾದವನು ಮಾವ ಅಂಕಯ್ಯ. ಆ ಊರಿನ ತೋಟಿ. ಪಟೇಲರ ಹಟ್ಟಿ ಗುಡಿಸಿ, ತಮಟೆ ಬಡಿದು ಊರಿಗೆ ಸುದ್ದಿ ಸಾರಿ, ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ತೋಟಿಯ ಪಾಲಿನ ಆಯದ ರಾಗಿ ಎತ್ತಿ ಬದುಕುವವನು.

ಅದಕ್ಕೇ ಸಿದ್ದರಾಮು ಒಂದು ದಾರಿ ಕಟ್ಟಿದ್ದ. ಬಂಡೂರು ಬಿಟ್ಟ ಮೇಲೆ ಗಾಡಿಜಾಡು ಹಿಡಿಯದೆ ಗುಡ್ಡದ ಹಿಂದೆ ಇಳಿಯುವುದು. ಕುರಿ ಮೇಯುವ ಬೀಳಿನಲ್ಲಿ ಹಾಯ್ದು ಕೆರೆಯ ಕೋಡಿಗೆ ಬರುವುದು. ಅಲ್ಲೊಂದು ಪಾಳುಬಿದ್ದ ತೋಪಿನಲ್ಲಿ ಡೇರೆ ಹೊಡೆಯುವುದು. ಕುದುರೆಯನ್ನು ಅಲ್ಲೇ ಕಟ್ಟಿ, ದಾಕಿಗೆ ಮಕ್ಕಳನ್ನು ಕೋಡಿಗೇ ಕರೆತನ್ನಿ ಎಂದು ಹೇಳಿ ಕಳಿಸುವುದು. ಊರೊಳಗೆ ಹೋಗದಿದ್ದರೆ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಯಾರು ಏನೆಂದು ಬರೆದು ಹಾಕಿಯಾರು?

ಅಡ್ಡಿ ಒಂದೇ, ಮದ್ದು. ಗಾಜಿನ ಸಣ್ಣ ಕೊಳವೆಗಳಲ್ಲಿರುವ ಅದನ್ನು ಒದ್ದೆಬಟ್ಟೆ ಸುತ್ತಿದ ಕುಡಿಕೆಯಲ್ಲಿಟ್ಟು ತಣ್ಣಗೆ ಕಾಯಬೇಕು. ಸುತ್ತುದಾರಿ ಹಿಡಿದರೆ ಒಂದು ಇಡೀ ದಿನ ಹೆಚ್ಚು ಬಿಸಿಲು. ಬಿಸಿಯುಂಡ ಮದ್ದು ಸತ್ತಹಾಗೆ. ಸತ್ತ ಮದ್ದನ್ನೂ ಮಗುವಿನ ತೋಳಿಗೆ ಸವರಬಹುದು, ಮಗು ಅಳುತ್ತದೆ, ತಾಯಿ ಸಮಾಧಾನವಾಗಿ ಮನೆಗೆ ಹೋಗುತ್ತಾಳೆ. ಮುಂದಿನ ಬೇಸಿಗೆಯಲ್ಲಿ ಸಿಡುಬು ಬಂದಾಗ ಗೊತ್ತಾಗುತ್ತದೆ. ಇದನ್ನು ನೆನೆದಾಗಲೆಲ್ಲ ಅವನ ಬೆರಳು ಬೀಜವನ್ನು ಗಾಡಿಜಾಡಿನ ಕಡೆ ತರುತ್ತಿತ್ತು. ಕರುವುಗಲ್ಲು ನೆನೆದಾಗ ವಾಪಸು ತಳ್ಳುತ್ತಿತ್ತು. ತಟ್ಟೆಯಲ್ಲಿಟ್ಟ ಮುದ್ದೆ ಆರಿ ಗಟ್ಟಿಯಾಯಿತು.

"ಉಣ್ಣು," ಅಂದಳು ಮರಿತಾಯಮ್ಮ. "ಎದ್ರಿಕೊಂಡು ಉಪಾಸ ಬಿದ್ರೆ ಕುದ್ರೆ ಮೇಲಿಂದ ನೀನೇ ಉಳ್ಳೋಯ್ತೀಯೆ. ಪಟೇಲ್ರಿಗೆ ಕೆಲ್ಸವೇ ಇರಾಕಿಲ್ಲ."

ಅಷ್ಟರಲ್ಲಿ ಹಿತ್ತಿಲಲ್ಲಿ ಯಾರೋ ಕೆಮ್ಮಿದರು. ಹೋಗಿ ನೋಡಿದರೆ ಅಂಕಯ್ಯ. ಕೊಪ್ಪಲಿನಿಂದ ನಡೆದೇ ಬಂದಿದ್ದ. ಮೊಣಕಾಲಿನವರೆಗೆ ಧೂಳು. ಕುದುರೆಯ ಮುಂದೆ ನಿಂತು ಅದರ ಹಣೆಯ ಮೇಲೆ ಕೈಯಿಟ್ಟಿದ್ದವನು ಅಳಿಯನನ್ನು ಕಂಡು ಕೈ ತೆಗೆದ.

"ಇದೇ ಏನ್ರಪ್ಪಾ ನಿಮ್ಮ ಕುದ್ರೆ?" ಅಂದ.

ಮಾವ ತನ್ನನ್ನು ಬಹುವಚನದಲ್ಲಿ ಕರೆದದ್ದು ಸಿದ್ದರಾಮುವಿಗೆ ಚುಚ್ಚಿದಂತಾಯಿತು. "ಒಳಿಕ್ಕೆ ಬಾ ಮಾವ. ಇದೇನು ನೀವು ತಾವು ಅಂತ."

ಒಳಗೆ ಬಂದು ನೀರು ಕುಡಿದು ಅಂಕಯ್ಯ ಗೋಡೆಗೆ ಒರಗಿದ. ಮಗಳು ಬೀಸಣಿಗೆ ಕೊಟ್ಟರೆ ಬೀಸಿಕೊಳ್ಳದೆ ತೊಡೆಯ ಮೇಲೆ ಇಟ್ಟುಕೊಂಡ.

"ಒಂದ್ ತೆಪ್ಪು ಮಾಡಿವ್ನಿ ಅಳಿಮಯ್ಯಾ," ಅಂದ.

ಮರಿತಾಯಮ್ಮನ ಕೈ ನಿಂತಿತು. "ಏನಪ್ಪ?"

"ದಾಕಿನೋರು ಬತ್ತರೆ ಅಂತ ಪಟೇಲ್ರು ಸಾರೋಕೇಳಿದ್ರು. ಸಾರ್ದೆ. 'ಸರ್ಕಾರದ ದಾಕಿನೋರು ಕುದ್ರೆ ಮೇಲೆ ಬತ್ತಾವ್ರೆ, ಕೂಸು ಮಕ್ಕ ಚಾವ್ಡಿ ಮುಂದಕ್ಕೆ ತನ್ರಪ್ಪೋ' ಅಂತ. ಅಷ್ಟೇ ಸಾರ್ಬೇಕಾಗಿದ್ದದ್ದು." ಅಂಕಯ್ಯ ಅಂಗೈಯಿಂದ ಬಾಯಿ ಒರೆಸಿಕೊಂಡ. "ತಮ್ಟೆ ಬಡಿಯೋವಾಗ ಅದೇನಾಯ್ತೋ. ಬಾಯಿಗೆ ಬಂದ್ಬುಡ್ತು. 'ಅವ್ರು ಬ್ಯಾರೆ ಯಾರೂ ಅಲ್ಲ, ನನ್ನ ಅಳಿಯಾ' ಅಂದ್ಬುಟ್ಟೆ. ಊರಿನ ನಟ್ಟನಡುವೆ. ಒಂದ್ಸಲ ಅಂದಿದ್ರೆ ಕೇಳಿಸ್ನಿಲ್ಲ ಅನ್ಬೋದಾಗಿತ್ತು. ಮೂಲೆಮೂಲೆಗೂ ನಿಂತ್ಕಂಡು ಅಂದೆ."

ಸಿದ್ದರಾಮು ಕಣ್ಣು ಮುಚ್ಚಿಕೊಂಡ. ಹೆಸರು ಮಾತ್ರ ಕೇಳಿದ್ದರೆ ಊರಿನವರಿಗೆ ಜಾತಿ ಕೂಡಲೇ ಗೊತ್ತಾಗುತ್ತಿರಲಿಲ್ಲ, ಇಂದಲ್ಲ ನಾಳೆ ಯಾರಾದರೂ ಗುರುತು ಹಿಡಿಯುತ್ತಿದ್ದರು ಅಷ್ಟೆ. ಮದುವೆಯಲ್ಲಿ ಓಣಿಯಿಂದ ಬಂದ ಮದುಮಗನ ಮುಖ ಯಾರೂ ಸರಿಯಾಗಿ ನೋಡಿರಲಿಲ್ಲ.

"ಪಟೇಲ್ರು ಏನಂದ್ರು?"

"ಏನಂತರೆ? ಕರುವುಗಲ್ತಾವ ಇಳ್ದು ನಡ್ಕಂಡು ಬರ್ಲಿ, ದಾಕು ಆಕುಸ್ಕತೀವಿ. ಕುದ್ರೆ ಮ್ಯಾಲೇ ಬಂದ್ರೆ ನಿಂಗೆ ಆಯ ಇಲ್ಲ, ನಿಮ್ಮ ದನಕ್ಕೆ ಬೀಳು ಇಲ್ಲ, ಕೇರಿಗೆ ಕೂಲಿ ಇಲ್ಲ ಅಂದ್ರು. ಅದ್ಕೇ ಯೋಳಿ ಓಗಾನಾಂತ ಬಂದೆ."

ಸಿದ್ದರಾಮು ಸರಕ್ಕನೆ ನೆಲದ ಮೇಲೆ ಕೂತ. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಮಾತು ಸರಾಗವಾಯಿತು.

"ಯೋಚ್ನೆ ಬುಡು ಮಾವ. ನಾನು ಊರೊಳಿಕ್ಕೇ ಬರಾಕಿಲ್ಲ. ನೋಡಿಲ್ಲಿ, ಇದು ಬಂಡೂರು. ಇಲ್ಲಿಂದ ಗುಡ್ಡದಿಂದೆ ಇಳ್ದು, ಬೀಳ್ನಾಗೆ ಬಂದು, ಕೋಡಿ ತಾವ ಡೇರೆ ಆಕ್ತೀನಿ. ಕುದ್ರೆ ಯಾರ ಕಣ್ಗೂ ಬೀಳಾಕಿಲ್ಲ. ನಿಂಗೂ ತೊಂದ್ರೆ ಇಲ್ಲ, ನಂಗೂ ಇಲ್ಲ. ಮೊದ್ಲೇ ಇಂಗೇಂತ ಮಾಡ್ಕಂಡಿವ್ನಿ."

ಅಂಕಯ್ಯ ಬೀಜಗಳನ್ನು ನೋಡಿದ. ತುಂಬ ಹೊತ್ತು ನೋಡಿದ. ಅವನ ಮುಖದಲ್ಲಿ ಸಮಾಧಾನ ಬರಬೇಕಿತ್ತು. ಬರಲಿಲ್ಲ.

"ಮೊದ್ಲೇ ಮಾಡ್ಕಂಡಿದ್ದಾ?" ಅಂದ. "ನಾನು ಬಂದು ಯೋಳಾಕ್ ಮುಂಚೆಲೇ?"

"ಊಂ."

"ಅಂಗಾರೆ ನಾನು ಸಾರಿದ್ದು ಸುಳ್ಳಾ?"

"ಅಂಗಲ್ಲ ಮಾವ..."

"ಇನ್ನೆಂಗ್ಲಾ?" ಅಂಕಯ್ಯನ ದನಿ ಏರಿತು. ಬಹುವಚನ ಎಲ್ಲೋ ಹೋಯಿತು. "ಮೀಸೆ ಬರಾಕ್ ಮುಂಚಿಂದ ತಮ್ಟೆ ಬಡಿತಿವ್ನಿ. ಪಟೇಲ್ರು ಯೋಳಿದ್ದು ಸಾರಿವ್ನಿ, ಸ್ಯಾನುಬೋಗ್ರು ಯೋಳಿದ್ದು ಸಾರಿವ್ನಿ. ಕಂದಾಯ ಕಟ್ರಿ ಅಂದಿವ್ನಿ, ಬಿಟ್ಟಿಗೆ ಬನ್ರಿ ಅಂದಿವ್ನಿ. ನಂದು ಅಂತ ಒಂದ್ ಮಾತು ಸಾರಿದ್ದು ಇದೊಂದೇ ಕಣ್ಲಾ. ಅದ್ನೂ ಕೋಡಿ ನೀರ್ಗೆ ಬುಟ್ಬುಡ್ತೀಯಾ?"

"ಇಳ್ದು ಬಾ ಅನ್ನಾಕೆ ತಾನೇ ನೀನು ಬಂದದ್ದು?"

"ಊಂ, ಅನ್ನಾಕೇ ಬಂದೆ! ನಾನು ಅಂದ್ರೆ ನೀನು ಆಗಾಕಿಲ್ಲ ಅಂತೀಯೆ ಅನ್ಕಂಡು ಬಂದೆ!"

ಮರಿತಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ಹೇಳುವಂತಿರಲಿಲ್ಲ.

ಸಿದ್ದರಾಮುವಿಗೆ ಈಗ ಸಿಟ್ಟು ಬಂತು. "ಆಯ ಓಯ್ತದಲ್ಲ ಮಾವ! ಸುಗ್ಗೀಲಿ ಏನು ತಿಂತೀರಿ? ನಾನು ಮೆರ್ಕಂಡು ಓಗ್ಬುಡ್ತೀನಿ. ಒದೆ ತಿನ್ನೋರು ನೀವು."

"ಒದೆ ನಮ್ಗೇನು ಒಸ್ದಾ?" ಅಂಕಯ್ಯ ಮೊಣಕಾಲು ಊರಿ ಮುಂದೆ ಬಂದು ಕೊನೆಯ ಬೀಜವನ್ನು ಎತ್ತಿ ಗಾಡಿಜಾಡಿನ ತುದಿಯಲ್ಲಿಟ್ಟ. "ಕೇಳು. ಅಮಲ್ದಾರ್ರು ಬಂದ್ರೆ ಕುದ್ರೆ ಮುಂದೆ ಓಡಿವ್ನಿ, ಸೇಕ್ದಾರ್ರು ಬಂದ್ರೂ ಓಡಿವ್ನಿ. ಮುಂದ್ಗಡೆ ತೋಟಿ ಓಡ್ತಿದ್ರೆ ಕುದ್ರೆ ಮೇಲಿರೋನು ಸರ್ಕಾರ. ತೋಟಿ ಇಲ್ದಿದ್ರೆ ಯಾವನೋ ಒಬ್ಬ. ಕರುವುಗಲ್ತಾವ ನಾನು ನಿಂತಿರ್ತೀನಿ. ನಿನ್ನ ಮುಂದೂ ಓಡ್ತೀನಿ. ಆಗ ಯಾರು ಮೈ ಮುಟ್ಟಾರು?"

ಆ ಚಿತ್ರ ಸಿದ್ದರಾಮುವಿನ ಕಣ್ಣಿಗೆ ಕಟ್ಟಿತು. ಮುದುಕ ಏದುಸಿರು ಬಿಡುತ್ತಾ ಓಡುತ್ತಿದ್ದಾನೆ, ಮಗಳನ್ನು ಕೊಟ್ಟ ಅಳಿಯ ಹಿಂದೆ ಕುದುರೆಯ ಮೇಲೆ ಕೂತು ಬರುತ್ತಿದ್ದಾನೆ. ಊರಿನವರ ಕೋಲಿಗಿಂತ ಅದೇ ಹೆಚ್ಚು ಹೆದರಿಸಿತು. ಯಾವ ಬಿಟ್ಟಿಯನ್ನು ಕಂಡು ಹಲ್ಲು ಕಡಿಯುತ್ತಾ ಅಕ್ಷರ ಕಲಿತಿದ್ದನೋ ಅದೇ ಬಿಟ್ಟಿಯ ನೆರಳಿನಲ್ಲಿ ಅವನು ತಲೆಯೆತ್ತಬೇಕು!

"ನಿನ್ನ ಓಡಿಸ್ಕಂಡು ಬರಾದಾದ್ರೆ ಚಾಕ್ರೀನೇ ಬ್ಯಾಡ," ಅಂದ.

ಮರಿತಾಯಮ್ಮ ಕುಡಿಕೆಗೆ ಸುತ್ತುವ ಬಟ್ಟೆಯನ್ನು ಹಿಂಡುತ್ತಾ ಹೇಳಿದಳು:

"ಓಡೋದ್ಯಾಕೆ? ಈ ವಯಸ್ನಲ್ಲಿ ಓಡಿ ಬಿದ್ರೆ ಅದ್ಕೂ ನಾವೇ ಬಾಯ್ಬಡ್ಕಬೇಕು. ನಡೀಲಿ. ಮೆಟ್ಟು ಆಕ್ಕಂಡು ನಡೀಲಿ. ಮಗಳ ಗಂಡನ್ನ ಊರ್ಗೆ ಕರ್ಕಂಡೋಗೋ ಮಾವ ಎಂಗ್ ನಡೀತಾನೋ ಅಂಗೆ."

ಅಂಕಯ್ಯ ಮಗಳನ್ನು ನೋಡಿದ. ಮೆಟ್ಟು ಎಂಬ ಮಾತಿಗೆ ಧೂಳು ಮೆತ್ತಿದ ತನ್ನ ಪಾದಗಳನ್ನು ನೋಡಿಕೊಂಡ.

"ಮೆಟ್ಟಾಕ್ಕಂಡಾ," ಅಂದ ಮೆಲ್ಲಗೆ. ಆಮೇಲೆ, "ನಂದು ಕಿತ್ತೋಗದೆ ಕಣವ್ವ. ಒಲಿಸ್ಬೇಕು."

ದಾರಿ ಗಾಡಿಜಾಡೇ ಎಂದು ತೀರ್ಮಾನವಾಯಿತು. ಮದ್ದೂರಿನಲ್ಲಿ ಮದ್ದು ತೆಗೆದುಕೊಂಡು, ದೊಡ್ಡಿಯ ಹೊಂಗೆಮರದಡಿ ಒಂದು ರಾತ್ರಿ, ಮಳವಳ್ಳಿಯ ಕೆರೆಯ ಹಿಂದೆ ಇನ್ನೊಂದು. ಡೇರೆಯ ಹರಕಿಗೆ ಮರಿತಾಯಮ್ಮ ಗೋಣಿತೇಪೆ ಹಾಕಿದಳು. ಹುರಿಹಿಟ್ಟು, ಉಪ್ಪು ಮೆಣಸಿನಕಾಯಿ, ಕುದುರೆಗೆ ಹುರುಳಿ, ಲಾಂದ್ರ, ಗೂಟ ಹೊಡೆಯುವ ಕೊಡತಿ. ಇವುಗಳ ಪೈಕಿ ಯಾವುದು ಮರೆತರೂ ನಡೆದೀತು. ಧೈರ್ಯ ಮಾತ್ರ ಯಾವ ಚೀಲದಲ್ಲಿದೆ ಎಂದು ಸಿದ್ದರಾಮುವಿಗೆ ಹೊರಡುವ ಗಳಿಗೆಯಲ್ಲೂ ತಿಳಿಯಲಿಲ್ಲ. ದಾರಿಯುದ್ದಕ್ಕೂ ತಡಕಾಡಿದ. ಪ್ರತಿ ಬಿಡಾರದಲ್ಲಿ ಕುಡಿಕೆ ಮುಟ್ಟಿ ನೋಡಿದ. ತಣ್ಣಗಿತ್ತು. ತನ್ನ ಕೈಯೂ ತಣ್ಣಗಿತ್ತು.

ಕೊಪ್ಪಲಿನ ಕರುವುಗಲ್ಲು ಕಂಡಾಗ ಬಿಸಿಲು ಇನ್ನೂ ಎಳೆಯದು. ಕಲ್ಲಿನ ಆಚೆ, ಚಾವಡಿಯ ಜಗುಲಿಯ ಮೇಲೆ ಗಂಡಸರು ಕೂತಿದ್ದರು. ಕೆಲವರ ಕೈಯಲ್ಲಿ ಕೋಲಿತ್ತು. ದನ ಹೊಡೆಯುವ ಕೋಲೂ ಇರಬಹುದು. ಕಲ್ಲಿನ ಈಚೆ ಅಂಕಯ್ಯ ನಿಂತಿದ್ದ. ಕಾಲಲ್ಲಿ ಹೊಸ ಹೊಲಿಗೆಯ ಮೆಟ್ಟು.

ಸಿದ್ದರಾಮುವಿನ ಬಲಗಾಲು ಜೀನಿಗೆ ತೂಗುಬಿಟ್ಟ ರಿಕಾಪಿನಿಂದ ತಾನಾಗಿಯೇ ಜಾರಿತು. ತಾತ ಮುತ್ತಾತಂದಿರ ಕಾಲು ಅದು, ಕಲ್ಲು ಕಂಡೊಡನೆ ನೆಲ ಹುಡುಕುತ್ತದೆ. ಅವನು ಬಗ್ಗಿ ಆ ಕಾಲನ್ನು ಕೈಯಿಂದ ಹಿಡಿದು ಮತ್ತೆ ರಿಕಾಪಿಗೆ ತೂರಿಸಿದ. ಅಂಕಯ್ಯ ನೋಡಿದ, ನೋಡದವನಂತೆ ತಿರುಗಿ ನಡೆಯತೊಡಗಿದ. ಓಡಲಿಲ್ಲ. ಮೆಟ್ಟು ಕಿರ್ರ್ ಕಿರ್ರ್ ಎನ್ನುತ್ತಿತ್ತು. ಕುದುರೆಯ ಗೊರಸು ಕಲ್ಲನ್ನು ದಾಟಿತು.

ಯಾರೂ ಏಳಲಿಲ್ಲ. ಬೀದಿಯ ಎರಡೂ ಕಡೆ ಬಾಗಿಲುಗಳು ಒಂದಾದ ಮೇಲೊಂದು ಮುಚ್ಚಿಕೊಂಡವು. ಪಟೇಲರು ಎಲೆಯಡಿಕೆ ಉಗಿದು, "ಅಂಕ, ನಿನ್ನ ತಮ್ಟೆ ತಂದು ಚಾವ್ಡೀಲಿ ಇಟ್ಟು ಓಗು," ಅಂದರು. ಅಂಕಯ್ಯ ತಲೆಯಾಡಿಸಿದ. ಕುತ್ತಿಗೆ ಬಗ್ಗಿಸಲಿಲ್ಲ.

ಸಿದ್ದರಾಮು ಚಾವಡಿಯ ಮುಂದೆ ಇಳಿದ. ಅವನ ಕೆಲಸ ಇದ್ದದ್ದು ಅಲ್ಲಿ. ಹಲಗೆ ಹಾಸಿ, ಕುಡಿಕೆ ಬಿಚ್ಚಿ, ಗೀರುವ ಚಾಕುವನ್ನು ಸ್ಪಿರಿಟ್ಟಿನ ದೀಪಕ್ಕೆ ಹಿಡಿದು ಕೂತ. ಊರಿನ ಒಂದು ಮಗುವೂ ಬರಲಿಲ್ಲ. ಬಿಸಿಲು ಏರುತ್ತಿತ್ತು, ಒದ್ದೆಬಟ್ಟೆ ಒಣಗುತ್ತಿತ್ತು. ಯಾವುದೋ ಮುಚ್ಚಿದ ಬಾಗಿಲ ಹಿಂದೆ ಹೆಂಗಸೊಬ್ಬಳು ಗಂಡನ ಮೇಲೆ ರೇಗುತ್ತಿದ್ದುದು ಕೇಳಿಸಿತು. ಬಾಗಿಲು ತೆರೆಯಲಿಲ್ಲ.

ಆಗ ಕೇರಿಯ ಕಡೆಯಿಂದ ಶಿವನಂಜಮ್ಮ ಎಂಬ ಬಾಣಂತಿ ಕೂಸನ್ನು ಎತ್ತಿಕೊಂಡು ಬಂದಳು. ಕೇರಿಯ ಮಕ್ಕಳಿಗೆ ದಾಕು ಹಾಕುತ್ತಿದ್ದದ್ದು ಯಾವಾಗಲೂ ಕೊನೆಗೆ, ಊರಿನವರದು ಮುಗಿದು ಮಿಕ್ಕ ಮದ್ದಿನಲ್ಲಿ, ತಿಪ್ಪೆಯ ಪಕ್ಕ. ಇವತ್ತು ಮುಂದೆ ಯಾರೂ ಇರಲಿಲ್ಲ. ಅವಳು ಓಣಿ ಬಿಟ್ಟು ಬೀದಿಗೇ ಬಂದಿದ್ದಳು. ಅವಳ ಹಿಂದೆ ಇನ್ನೂ ಮೂರ್ನಾಲ್ಕು ಹೆಂಗಸರು, ಒಬ್ಬರ ಸೆರಗು ಒಬ್ಬರು ಹಿಡಿದುಕೊಂಡು, ನಿಂತು ನಿಂತು ಬರುತ್ತಿದ್ದರು.

"ಬಿಗಿಯಾಗಿ ಇಡ್ಕಳವ್ವ, ಅಳ್ತದೆ," ಅಂದ ಸಿದ್ದರಾಮು.

"ಅಳ್ಲಿ ಬುಡಣ್ಣ," ಅಂದಳು ಶಿವನಂಜಮ್ಮ. ಜಗುಲಿಯ ಮೇಲೆ ಕೂತವರ ಕಡೆಯಿಂದ ಕಣ್ಣು ತೆಗೆಯದೆ ಮಗುವಿನ ತೋಳನ್ನು ಅವನ ಮುಂದೆ ಹಿಡಿದಳು.