ಹೆಬ್ಬಾಗಿಲ ಗುಳಿ

"ಇಡೀ ಇಟಲಿಯಲ್ಲಿ ಒಂದೇ ಒಂದು ಚುಕ್ಕೆ, ನೋಡಿ," ಎಂದು ಪ್ರೊಫೆಸರ್ ಗಂದೋಲ್ಫಿ ಮೇಜಿನ ಮೇಲೆ ನಕ್ಷೆ ಹರಡಿ, ಗಾಳಿಗೆ ಹಾರದಂತೆ ತಮ್ಮ ವೈನ್ ಲೋಟವನ್ನೇ ಅದರ ಮೂಲೆಗೆ ಇಟ್ಟರು. "ರೋಸ್ಸಿ ಅನ್ನೋ ಹೆಸರಿನವರು ಎಲ್ಲಿ ಕಲ್ಲೆಸೆದರೂ ಸಿಗ್ತಾರೆ. ಬ್ರಿಸ್ಸಿಗಾರಿಗಳು ಮಾತ್ರ ಈ ಒಂದೇ ಊರಲ್ಲಿ. ಈ ಊರಲ್ಲೂ ಈ ಒಂದೇ ಅಂಗಳದಲ್ಲಿ."

ಕೆಂಪು ಚುಕ್ಕೆ ತ್ರಿಯೆಸ್ತೆ ಪಟ್ಟಣದ ಮೇಲಿನ ಕಲ್ಲುದಿಣ್ಣೆಯಲ್ಲಿ, ಸ್ಲೊವೇನಿಯಾ ಕಡೆಯ ಗಡಿಗೆರೆಗೆ ಅಂಟಿಕೊಂಡು ಕೂತಿತ್ತು. ದಾನಿತ್ಸಾ ಅದರತ್ತ ಒಮ್ಮೆ ಕಣ್ಣು ಹಾಯಿಸಿ, ಕೈಯಲ್ಲಿದ್ದ ಹ್ಯಾಮಿನ ತಟ್ಟೆಯನ್ನು ನಕ್ಷೆಯ ಮೇಲೆಯೇ ಕುಕ್ಕಿದಳು. ರೋಮ್ ನಗರ ತಟ್ಟೆಯಡಿ ಸೇರಿತು. ಅವಳ ಅಣ್ಣ ವಾಲ್ಟೆರ್ ತಲೆಯೆತ್ತದೆ ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದ. ಅಣ್ಣನ ಮಗ ದೆನಿಸ್ ನಕ್ಷೆಯ ಮೇಲೆ ಬಾಗಿ, ಚುಕ್ಕೆಗೆ ಬೆರಳು ಮುಟ್ಟಿಸಿ, ಮದುವೆ ಗೊತ್ತಾದವನ ಹಾಗೆ ಒಬ್ಬನೇ ನಗುತ್ತಿದ್ದ.

ಭಾನುವಾರದ ಮಧ್ಯಾಹ್ನ. ಹೆಬ್ಬಾಗಿಲ ಪಕ್ಕದ ಕೋಲಿಗೆ ಐವಿ ಬಳ್ಳಿಯ ಹಸಿರು ಕಂತೆ ತೂಗುತ್ತಿತ್ತು. ಅದು ತೂಗುವಷ್ಟು ದಿನ ಮನೆಯವರು ತಮ್ಮ ತೋಟದ ವೈನನ್ನೂ ತಮ್ಮ ಹಂದಿಯ ಹ್ಯಾಮನ್ನೂ ಅಂಗಳದಲ್ಲೇ ಮಾರಬಹುದು. ಕಂತೆ ಇಳಿಯಿತೋ, ಒಂದು ಲೋಟವನ್ನೂ ಮಾರುವಂತಿಲ್ಲ, ಕುಡಿಯುವವನೂ ಕೂರುವಂತಿಲ್ಲ. ಚಕ್ರವರ್ತಿಗಳ ಕಾಲದ ಕಟ್ಟಳೆ. ಚಕ್ರವರ್ತಿಗಳು ಹೋದರು, ಅವರ ಮೇಲೆ ಬಂದವರೂ ಹೋದರು, ಕಟ್ಟಳೆ ಮಾತ್ರ ಉಳಿದಿದೆ. ಊರವರು ಹಿಪ್ಪುನೇರಳೆ ಮರದ ನೆರಳು ಹಿಡಿದಿದ್ದರು. ಪಟ್ಟಣದಿಂದ ಬಂದವರು ಬಿಸಿಲಲ್ಲಿ ಕೂತು ಅದನ್ನೇ ಹೊಗಳುತ್ತಿದ್ದರು.

ದೆನಿಸ್‌ಗೆ ಈ ಹೆಸರಿನ ಹುಚ್ಚು ಹಿಡಿದು ಒಂದು ವರ್ಷವಾಗಿತ್ತು. ಅಪರೂಪದ ಅಡ್ಡಹೆಸರುಗಳ ಬೆನ್ನು ಹತ್ತಿ ದೇಶವೆಲ್ಲ ಅಲೆಯುವ, ಲ್ಯಾಟಿನ್ ಪಾಠ ಹೇಳಿ ನಿವೃತ್ತರಾದ ಈ ಪ್ರೊಫೆಸರನ್ನು ಎಲ್ಲಿಂದಲೋ ಹಿಡಿದು ತಂದಿದ್ದ. ಅವರು ಹುಡುಕಿಕೊಟ್ಟ ಪ್ರಕಾರ ಬ್ರಿಸ್ಸಿಗಾರಿಗಳ ಮೂಲಪುರುಷ ಐನೂರು ವರ್ಷದ ಹಿಂದೆ ವೆನಿಸ್ಸಿನ ಸೈನ್ಯದಲ್ಲಿದ್ದ ದಳಪತಿ. ಅವನ ಲಾಂಛನ ಒಂದು ಗೋಪುರ, ಅದರ ಮೇಲೊಂದು ಸಿಂಹ. ದೆನಿಸ್ ಅದನ್ನು ಬಿಳಿ ಅಮೃತಶಿಲೆಯಲ್ಲಿ ಕೆತ್ತಿಸಿ ತಂದು, ಮೇಜಿನ ಬಟ್ಟೆ ಹೊದಿಸಿ ಗೋಡೆಗೆ ಒರಗಿಸಿದ್ದ. ಮುಂದೆ ವೈನ್ ಬಾಟಲಿಯ ಮೇಲೂ ಅದೇ ಸಿಂಹ ಬರಬೇಕೆಂಬುದು ಅವನ ಲೆಕ್ಕಾಚಾರ. "ಎಲ್ಲಿ ಹಾಕ್ತೀಯೋ ಅದನ್ನ?" ಎಂದು ದಾನಿತ್ಸಾ ಬೆಳಿಗ್ಗೆ ಕೇಳಿದ್ದಕ್ಕೆ "ಬಾಗಿಲ ಹತ್ರ ಅತ್ತೆ" ಎಂದಿದ್ದ. ಗೋಡೆಗೆ ತಾನೆ, ಸಿಂಹವನ್ನೋ ಬೆಕ್ಕನ್ನೋ ಏನು ಬೇಕಾದರೂ ಹಾಕಿಕೊಳ್ಳಲಿ ಎಂದು ಅವಳು ಸುಮ್ಮನಾಗಿದ್ದಳು.

"ಒಂದೇ ಒಂದು ಬೇಸರ," ಎಂದರು ಪ್ರೊಫೆಸರ್, ನಿಜವಾಗಿಯೂ ಬೇಸರದಲ್ಲಿ. "ಮೊದಲು ಆರು ಜನ ಇದ್ದರು. ಮೂವತ್ತು ವರ್ಷದ ಹಿಂದೆ ಮತದಾರರ ಪಟ್ಟಿಯಿಂದ ಒಬ್ಬ ಹೆಣ್ಣುಮಗಳು ಮಾಯ. ಪಾಪ, ತೀರಿಕೊಂಡಿರಬೇಕು. ಇಂಥ ಹೆಸರಲ್ಲಿ ಒಬ್ಬರು ಹೋದರೂ ತುಂಬಲಾರದ ನಷ್ಟ."

"ತೀರ್ಕೊಂಡಿಲ್ಲ," ಎಂದಳು ದಾನಿತ್ಸಾ. "ನಿಮ್ಮ ಲೋಟಕ್ಕೆ ವೈನ್ ಬಗ್ಗಿಸ್ತಾ ನಿಂತಿದಾಳೆ."

ಮರದ ಕೆಳಗೆ ಯಾರೋ ಕಿಸಕ್ಕನೆ ನಕ್ಕರು. ಪ್ರೊಫೆಸರ್ ಗಲಿಬಿಲಿಗೊಂಡು ದೆನಿಸ್‌ನ ಮುಖ ನೋಡಿದರು.

"ನಮ್ಮತ್ತೆ ಅಜ್ಜಿ ಕಡೆ ಹೆಸರಿಗೆ ಬದಲಾಯಿಸ್ಕೊಂಡ್ರು, ಪ್ರೊಫೆಸರೇ," ಎಂದ ದೆನಿಸ್, ಮನೆಯ ಸಣ್ಣ ಹುಳುಕನ್ನು ನೆಂಟರೆದುರು ಮುಚ್ಚುವವನಂತೆ. "ಆಗ ಇವರಿಗೆ ನಾವು ಸ್ಲೊವೇನಿಯನ್ನರು ಅಂತ ತೋರಿಸ್ಕೊಳ್ಳೋ ಉಮೇದು. ರಾಜಕೀಯ, ಅಷ್ಟೆ. ಅಪ್ಪ ಹೇಳಿದಾರೆ."

ದಾನಿತ್ಸಾಳ ಕೈಯಲ್ಲಿದ್ದ ಹೂಜಿ ಬಾಗಿದಲ್ಲೇ ನಿಂತಿತು. "ಯಾರ ಕಡೆ ಹೆಸರು?"

"ಅಜ್ಜಿ ಕಡೆದಲ್ವಾ? ಬ್ರೆಜಿಗಾರ್."

ಅವಳು ಅಣ್ಣನತ್ತ ತಿರುಗಿದಳು. ವಾಲ್ಟೆರ್ ಮೊಟ್ಟೆಗೆ ಉಪ್ಪು ಉದುರಿಸಿದ. ಉದುರಿಸಿದ್ದು ಮರೆತವನಂತೆ ಇನ್ನೊಮ್ಮೆ ಉದುರಿಸಿದ.

ಹೂಜಿ ಇನ್ನೂ ಅರ್ಧ ತುಂಬಿತ್ತು. ಆದರೂ ಅವಳು ತುಂಬಿಸಿ ತರುವ ನೆಪ ಮಾಡಿ ನೆಲಮಾಳಿಗೆಗೆ ಇಳಿದಳು. ಇಳಿಯದೆ ಇದ್ದಿದ್ದರೆ ಅದನ್ನು ಅಣ್ಣನ ತಲೆಯ ಮೇಲೆ ಒಡೆಯುತ್ತಿದ್ದಳು.

ಬ್ರೆಜಿಗಾರ್ ಎಂಬುದು ಅವಳ ತಾಯಿಯ ಕಡೆಯ ಹೆಸರಲ್ಲ. ಅಪ್ಪನದು, ಅಜ್ಜ ಅಂದ್ರೇಯ್‌ನದು, ಅವನ ಅಪ್ಪನದು. ಕಪ್ಪಂಗಿಯ ಫ್ಯಾಸಿಸ್ಟರು ರೋಮಿನ ಗದ್ದುಗೆ ಹಿಡಿದ ಕಾಲದಲ್ಲಿ, ಈ ದಿಣ್ಣೆಯ ಸ್ಲೊವೇನಿಯನ್ ಹೆಸರುಗಳೆಲ್ಲ ಇಟಾಲಿಯನ್ ಆಗತಕ್ಕದ್ದು ಎಂದು ಹುಕುಂ ಹೊರಟಿತು. ಪಟ್ಟಣದ ಕಚೇರಿಯಲ್ಲಿ ಕೂತ ಯಾವನೋ ಗುಮಾಸ್ತ ಹೆಸರಿನ ತಲೆ ತಿರುಚಿ, ಬಾಲ ಅಂಟಿಸಿ ಬ್ರಿಸ್ಸಿಗಾರಿ ಮಾಡಿದ. ಅದುವರೆಗೆ ಭೂಮಿಯ ಮೇಲೆ ಆ ಹೆಸರಿನ ನರಪಿಳ್ಳೆಯೂ ಇರಲಿಲ್ಲ. ಪ್ರೊಫೆಸರ ಅಪರೂಪದ ಹೆಸರು ಹುಟ್ಟಿದ್ದು ಹಾಗೆ, ಗುಮಾಸ್ತನ ಕಾಫಿ ಆರುವುದರೊಳಗೆ.

ಏಳು ವರ್ಷದ ಹುಡುಗನಾಗಿದ್ದ ಅವಳ ಅಪ್ಪ ಸ್ತಾಂಕೊಗೆ ಮಾತ್ರ ಯಾರೂ ತಿಳಿಸಿರಲಿಲ್ಲ. ಹೊಸ ಮೇಷ್ಟರು ಹಾಜರಿಗೆ ಬ್ರಿಸ್ಸಿಗಾರಿ ಎಂದು ಕೂಗಿದರು. ಅದು ತಾನೇ ಎಂದು ಗೊತ್ತಿಲ್ಲದ ಹುಡುಗ ಓಗೊಡಲಿಲ್ಲ. ಮತ್ತೆ ಕೂಗಿದರು. ಮೂರನೆಯ ಸಲ ಮೇಷ್ಟರು ಬೆಂಚಿನ ಹತ್ತಿರವೇ ಬಂದು, ಕೆನ್ನೆಗೆ ಬಾರಿಸಿ ಪರಿಚಯ ಮಾಡಿಸಿದರು. ಸಾಯುವವರೆಗೂ ಅಪ್ಪ, ಹಿಂದಿನಿಂದ ಯಾರಾದರೂ ಆ ಹೆಸರು ಹಿಡಿದು ಕರೆದರೆ, ತಿರುಗುವ ಮುಂಚೆ ಕೆನ್ನೆ ಮುಟ್ಟಿಕೊಳ್ಳುತ್ತಿದ್ದ. ಇದನ್ನೆಲ್ಲ ಅವಳೂ ವಾಲ್ಟೆರನೂ ಒಂದೇ ಒಲೆಯ ಮುಂದೆ ಕೂತು ಕೇಳಿದವರು.

ಹಳೆಯ ಹೆಸರು ಬೇಕಾದವರು ವಾಪಸು ಪಡೆಯಬಹುದೆಂದು ಸರಕಾರ ಹೇಳಿದಾಗ ಅವಳು ಮರುವಾರವೇ ಹೋಗಿ ಪಡೆದಳು. ವಾಲ್ಟೆರ್ ಬರಲಿಲ್ಲ. ನೌಕರಿ, ಪಟ್ಟಣದಲ್ಲಿ ಹುಡುಗನ ಶಾಲೆ, ಸುಮ್ಮನೆ ಯಾಕೆ ಎಂದ. ಅದು ಅವನ ಇಷ್ಟ ಎಂದು ಅವಳು ಬಿಟ್ಟುಬಿಟ್ಟಳು. ಬಿಡದೆ ಹೊಟ್ಟೆಯಲ್ಲಿಟ್ಟುಕೊಂಡದ್ದು ದೆನಿಸ್‌ನ ಮೇಲಿನ ಸಿಟ್ಟನ್ನು. ಎಲ್ಲ ಗೊತ್ತಿದ್ದೂ ಈ ಹುಡುಗನಿಗೆ ಏನೂ ಅನ್ನಿಸುವುದಿಲ್ಲವಲ್ಲ ಎಂದು, ಇಷ್ಟು ವರ್ಷ ಅವನ ತಟ್ಟೆಗೆ ಮುಖ ಗಂಟಿಕ್ಕಿಕೊಂಡೇ ಬಡಿಸಿದ್ದಳು. ಈಗ ನೋಡಿದರೆ, ಊರಿಗೆಲ್ಲ ಗೊತ್ತಿದ್ದದ್ದು ಮನೆಯ ಹುಡುಗನಿಗೆ ಗೊತ್ತಿರಲಿಲ್ಲ. ಅಣ್ಣ ಮುಚ್ಚಿಟ್ಟಿದ್ದರೂ ಸಹಿಸಬಹುದಿತ್ತು. ಅಪ್ಪನ ಹೆಸರನ್ನೇ ಅಮ್ಮನ ಸೆರಗಿಗೆ ಕಟ್ಟಿ ಕೈ ತೊಳೆದುಕೊಂಡಿದ್ದ.

ಮೇಲೆ ಗ್ರೈಂಡರ್ ಗುರ್ರೆಂದಿತು.

ಅವಳು ಹೂಜಿಯನ್ನು ಪೀಪಾಯಿಯ ಮೇಲೆ ಬಿಟ್ಟು ಮೆಟ್ಟಿಲು ಹತ್ತಿದಳು. ಅಡುಗೆಮನೆಯ ಕಿಟಕಿಯಿಂದ ಹೊರಟ ವೈರು ಅಂಗಳ ದಾಟಿ ಹೆಬ್ಬಾಗಿಲಿಗೆ ಹೋಗಿತ್ತು. ದೆನಿಸ್ ಏಣಿಯ ಮೇಲೆ, ಕಮಾನಿನ ನಡುಗಲ್ಲಿನ ಎದುರು. ಆ ಕಲ್ಲಿನಲ್ಲಿ ರೊಟ್ಟಿಯಗಲದ ಒಂದು ಗುಳಿ ಇತ್ತು, ಒರಟಾಗಿ ಕಡಿದದ್ದು. ಕೆಳಗೆ ನಿಂತ ಪ್ರೊಫೆಸರ್ ಕೈಯೆತ್ತಿ ಅದನ್ನೇ ತೋರಿಸುತ್ತಿದ್ದರು.

"ಲಾಂಛನ ಇದ್ದ ಜಾಗ ಇದು. ನೆಪೋಲಿಯನ್ನನ ಸೈನಿಕರು ಬಂದಾಗ ಕುಲೀನರ ಮನೆಗಳಲ್ಲೆಲ್ಲ ಹೀಗೇ ಕಡಿದು ಹಾಕಿದರು. ಇದಕ್ಕಿಂತ ಆಧಾರ ಬೇಕೆ?"

"ಒಳಗೆ ತುಂಬಾ ಏರುತಗ್ಗು," ಎಂದ ದೆನಿಸ್ ಮೇಲಿನಿಂದ. "ಸಮ ಮಾಡಿದ್ರೆ ನಮ್ಮ ಕಲ್ಲು ಅಚ್ಚುಕಟ್ಟಾಗಿ ಕೂತ್ಕೊಳುತ್ತೆ." ಗ್ರೈಂಡರಿನ ಚಕ್ರ ಗುಳಿಗೆ ತಾಗಿತು. ಬಿಳಿ ಪುಡಿ ಪ್ರೊಫೆಸರ ಟೋಪಿಯ ಮೇಲೆ ಉದುರಿತು.

ದಾನಿತ್ಸಾ ಪ್ಲಗ್ಗು ಕಿತ್ತಳು. ಗುರ್ ಎನ್ನುವುದು ನಿಂತಿತು. ಅವಳು ಅಂಗಳದ ನಡುವೆ ಯಾರ ಮುಖವನ್ನೂ ನೋಡದೆ ನಡೆದು ಹೋಗಿ, ಹೆಬ್ಬಾಗಿಲ ಪಕ್ಕದ ಕೋಲಿನಿಂದ ಐವಿ ಕಂತೆಯನ್ನು ಇಳಿಸಿ ನೆಲಕ್ಕೆ ಹಾಕಿದಳು.

ಊರವರಿಗೆ ಹೇಳಬೇಕಾಗಿರಲಿಲ್ಲ. ಬೆಂಚುಗಳು ಕಿರುಗುಟ್ಟಿದವು. ತುಂಬಿದ ಲೋಟಗಳನ್ನು ಹಾಗೆಯೇ ಬಿಟ್ಟು, ಟೋಪಿ ಎತ್ತಿಕೊಂಡು, ಏಣಿಯ ಪಕ್ಕದಿಂದ ಒಬ್ಬೊಬ್ಬರೇ ಹೊರಬಿದ್ದರು. "ಹಸಿರು ಇಳೀತು, ಏಳ್ರಪ್ಪ," ಎಂದು ಯಾರೋ ಪಟ್ಟಣದವರನ್ನೂ ಎಬ್ಬಿಸಿದರು. ಮರದ ಕೆಳಗೆ ಉಳಿದವನು ಪೇಪಿ ಒಬ್ಬನೇ, ಪಕ್ಕದೂರಿನ ದಾಯಾದಿ. ಅವನು ಗಿರಾಕಿಯಲ್ಲ, ನೆಂಟ. ಕಟ್ಟಳೆ ಅವನಿಗೆ ಲಾಗುವಾಗುವುದಿಲ್ಲ.

"ಅತ್ತೆ, ಏನ್ ಮಾಡ್ತಿದೀಯ ನೀನು? ಇನ್ನೂ ಎಷ್ಟು ದಿನ ಇತ್ತು," ಎಂದ ದೆನಿಸ್. "ಬಂದೋರ ಮುಂದೆ ಮರ್ಯಾದೆ ತೆಗೆದ್ಯಲ್ಲ."

"ಮರ್ಯಾದೆ ಲೆಕ್ಕ ನಿಮ್ಮಪ್ಪನ ಹತ್ರ ಕೇಳು. ಅಣ್ಣಾ, ಹೇಳು. ಆ ಗುಳಿ ಕಡಿದೋರು ಯಾರು?"

ವಾಲ್ಟೆರ್ ಎದ್ದು ನಿಂತಿದ್ದ. ಮೊಟ್ಟೆ ಇನ್ನೂ ಕೈಯಲ್ಲಿತ್ತು. "ಹೋಗ್ಲಿ ಬಿಡೇ. ಹಳೇ ಕಥೆ."

"ಹಳೇದು ಬೇಡವಾಗಿದ್ರೆ ಈ ಸಿಂಹ ಯಾಕೋ? ಐನೂರು ವರ್ಷದ ಸುಳ್ಳು ಬೇಕು, ತೊಂಬತ್ತು ವರ್ಷದ ನಿಜ ಬೇಡ ನಿನಗೆ. ಕೇಳ್ತಾ ಇದೀನಿ, ಯಾರು ಕಡಿದಿದ್ದು? ನೆಪೋಲಿಯನ್ನಾ?"

ವಾಲ್ಟೆರ್ ಏನೋ ಗೊಣಗಿದ.

"ಜೋರಾಗಿ ಹೇಳು. ಹುಡುಗ ಮೇಲಿದಾನೆ."

"ನಮ್ಮಜ್ಜ," ಎಂದ ವಾಲ್ಟೆರ್. "ಅಂದ್ರೇಯ್ ಬ್ರೆಜಿಗಾರ್."

ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿಯೇ ಮುಪ್ಪಾದವನ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು. ಉಳಿದದ್ದನ್ನು ದಾನಿತ್ಸಾ ಏಣಿಯ ಕಡೆ ಮುಖವೆತ್ತಿ ಹೇಳಿದಳು.

"ಕೇಳಿಸ್ತಾ? ನಿನ್ನ ಮುತ್ತಜ್ಜ. ಈ ಹೆಬ್ಬಾಗಿಲು ಕಟ್ಟಿದ್ದೂ ಅವನೇ, ಅಲ್ಲಿ ತನ್ನ ಹೆಸರು ಕೆತ್ತಿದ್ದೂ ಅವನೇ. ಕಪ್ಪಂಗಿಯವರು ಇಬ್ಬರು ಬಂದು ಹುಕುಂ ತೋರಿಸಿ ಅಳಿಸು ಅಂದ್ರು. ಅವರ ಹತ್ರ ಏಣಿ ಸಹ ಇರ್ಲಿಲ್ಲ. ಇವನ ಏಣಿ, ಇವನ ಉಳಿ, ಇವನ ಹೆಸರು. ಕಲ್ಲುಗಣಿಯಲ್ಲಿ ಅವನಂಥ ಅಕ್ಷರದ ಕೈ ಇರ್ಲಿಲ್ಲ. ಮನಸ್ಸು ಮಾಡಿದ್ರೆ ಕನ್ನಡಿ ಹಾಗೆ ನುಣ್ಣಗೆ ತೆಗೀಬಹುದಿತ್ತು. ಕಾಡುಹಂದಿ ಗೂರಿದ ಹಾಗೆ ಗೂರಿಟ್ಟ. ನುಣ್ಣಗೆ ಮಾಡು ಅಂತ ಗದರಿಸಿದ್ರು. ನಾನು ಅಕ್ಷರ ಕೆತ್ತೋನು ಸ್ವಾಮಿ, ಅಳ್ಸೋ ಕೆಲಸ ಕಲ್ತಿಲ್ಲ ಅಂದ. ಹೋಗೋ ಬರೋರಿಗೆಲ್ಲ ಇಲ್ಲೇನೋ ಇತ್ತು ಅಂತ ಕಾಣ್ಲಿ ಅಂತ ಬಿಟ್ಟ ಗುಳಿ ಅದು. ಅದಕ್ಕೇ ಯುದ್ಧ ಮುಗಿದ ಮೇಲೂ ಅದರಲ್ಲಿ ಮತ್ತೆ ಏನೂ ಕೆತ್ತಲಿಲ್ಲ. ನುಣ್ಣಗೆ ಮಾಡ್ಸೋಕೆ ಅವರ ಕೈಲೂ ಆಗ್ಲಿಲ್ಲ ಕಣೋ. ನೀನು ಮಾಡ್ತಿದೀಯ, ಕರೆಂಟ್ ಹಾಕಿ."

ದೆನಿಸ್ ಗ್ರೈಂಡರಿನ ಚಕ್ರವನ್ನು ಗುಳಿಯಿಂದ ಹಿಂದಕ್ಕೆಳೆದ.

"ಅಂದ್ರೇಯಜ್ಜನ ಸ್ವಂತ ತಮ್ಮನೇ ನಮ್ಮಜ್ಜ," ಎಂದ ಪೇಪಿ ಮರದ ಕೆಳಗಿನಿಂದ, ಯಾರೋ ಬಿಟ್ಟುಹೋದ ಲೋಟವನ್ನು ತನ್ನತ್ತ ಎಳೆದುಕೊಳ್ಳುತ್ತ. "ಪಕ್ಕದೂರಲ್ಲಿದ್ದ. ಅಲ್ಲಿನ ಕಚೇ‌ರಿ ಬೇರೆ, ಗುಮಾಸ್ತ ಬೇರೆ. ಅವನು ಬ್ರೆಸಾನಿ ಅಂತ ಬರೆದ. ಒಂದೇ ತಾಯಿ ಮೊಲೆ ಉಂಡೋರು ಎರಡು ಕುಲ ಆದ್ರು. ಪ್ರೊಫೆಸರೇ, ನಿಮ್ಮ ನಕ್ಷೇಲಿ ನನ್ನ ಚುಕ್ಕೆ ಎಲ್ಲಿದೆ?"

"ಬ್ರೆಸಾನಿ ಅಂದರೆ ಲೊಂಬಾರ್ದಿಯ ಕಡೆಯ..." ಎಂದು ಶುರುಮಾಡಿದ ಪ್ರೊಫೆಸರ್ ಅಲ್ಲಿಗೇ ನಿಲ್ಲಿಸಿದರು. ಅವರ ಮುಖ ಕೆಂಪಾಗಿತ್ತು. "ನನಗೆ ಇದನ್ನು ಯಾರೂ ಹೇಳಲಿಲ್ಲ, ಸಿನ್ಯೋರಾ."

"ನೀವು ಯಾರನ್ನೂ ಕೇಳ್ಲಿಲ್ಲ," ಎಂದಳು ದಾನಿತ್ಸಾ. "ಆಧಾರ ಬೇಕೆ ಅಂದ್ರಲ್ಲ, ಆಧಾರ ಅದೇ. ನೀವೇ ಬೆರಳು ಮಾಡಿ ತೋರ್ಸಿದ್ರಿ."

ಪ್ರೊಫೆಸರ್ ಟೋಪಿಯ ಪುಡಿ ಕೊಡವಿ, ತಲೆಬಾಗಿಸಿ ಹೊರಗೆ ಹೋದರು. ದೆನಿಸ್ ಇಳಿದು ಬಂದು ಗ್ರೈಂಡರನ್ನು ನೆಲಕ್ಕಿಟ್ಟ. ಮೂವತ್ತೆಂಟರ ಗಂಡಸು, ಗದರಿಸಿಕೊಂಡ ಹುಡುಗನಂತೆ ಅಪ್ಪನ ಮುಂದೆ ನಿಂತ.

"ಅಪ್ಪ, ನೀನು ಅಜ್ಜಿ ಕಡೆ ಹೆಸರು ಅಂದಿದ್ದೆ."

"ಪಟ್ಟಣದ ಶಾಲೇಲಿ ನಮ್ಮ ಕಡೆ ಮಕ್ಕಳನ್ನ ಹೇಗೆ ಆಡ್ಕೊಳ್ತಿದ್ರು ಅಂತ ನಿನಗೆ ಗೊತ್ತಿಲ್ಲ," ಎಂದ ವಾಲ್ಟೆರ್. "ನಿನಗಾದ್ರೂ ಆ ರಗಳೆ ಬೇಡ ಅಂತ."

"ರಗಳೆ ಬೇಡ ಅಂತ. ಹೋದ ವರ್ಷದಿಂದ ಊರೂರಿಗೆ ಹೇಳ್ಕೊಂಡು ತಿರುಗ್ತಿದೀನಿ ನಾನು. ವೆನಿಸ್ಸು, ದಳಪತಿ. ಕೂತು ಕೇಳಿಸ್ಕೊಂಡೆಯಲ್ಲ, ಮೊಟ್ಟೆ ತಿಂತಾ." ಆಮೇಲೆ ಅವನು ಅತ್ತೆಯತ್ತ ತಿರುಗಿದ. "ನೀನು? ಹುಟ್ಟಿದಾಗಿಂದ ಒಂದೇ ಮನೇಲಿದೀವಿ."

"ನಿನಗೆ ಗೊತ್ತು ಅಂದ್ಕೊಂಡಿದ್ದೆ."

"ಗೊತ್ತಿದ್ದೂ ಹೀಗಿದೀನಿ ಅಂದ್ಕೊಂಡಿದ್ಯಾ?"

ಸಿಟ್ಟು ಮೈಯಲ್ಲಿ ಹಾಗೇ ಇತ್ತು, ಆದರೆ ಯಾರ ಮೇಲೆ ಎಸೆಯಬೇಕೋ ಗೊತ್ತಾಗಲಿಲ್ಲ. ಅವಳು ಮೇಜಿನ ಮೇಲಿನ ಲೋಟಗಳನ್ನು ಒಂದರೊಳಗೊಂದು ಇಡತೊಡಗಿದಳು. ವಾಲ್ಟೆರ್ ಹೆಬ್ಬಾಗಿಲಿಗೆ ಬೆನ್ನು ಹಾಕಿ ಬೆಂಚಿನ ತುದಿಯಲ್ಲಿ ಕೂತ.

ದೆನಿಸ್ ಮತ್ತೆ ಏಣಿ ಹತ್ತಿದ, ಈ ಸಲ ಬರಿಗೈಯಲ್ಲಿ. ಗುಳಿಯೊಳಗೆ ಗ್ರೈಂಡರ್ ತಾಗಿದ ಕಡೆ ನಾಣ್ಯದಷ್ಟಗಲ ನುಣುಪಾಗಿ, ಬೆಳ್ಳಗೆ ಹೊಳೆಯುತ್ತಿತ್ತು. ಅದರ ಸುತ್ತ ಉಳಿಯ ಏಟುಗಳು, ಒಂದರ ಮೇಲೊಂದು, ದಿಕ್ಕಾಪಾಲು. ಅವನು ಆ ಬಿಳುಪನ್ನು ಹೆಬ್ಬೆರಳಲ್ಲಿ ಉಜ್ಜಿದ. ಹೋಗಲಿಲ್ಲ. ಅಂಗೈಯನ್ನು ಪೂರ್ತಿ ಗುಳಿಯೊಳಗಿಟ್ಟು ಹಾಗೇ ನಿಂತ.

ಹೊರಗೆ ಕಾರಿನವರೆಗೆ ಹೋಗಿದ್ದ ಪ್ರೊಫೆಸರ್ ವಾಪಸು ಬಂದರು. ನಕ್ಷೆ ಮೇಜಿನ ಮೇಲೆಯೇ ಉಳಿದಿತ್ತು. ಏಣಿಯ ಬುಡದಲ್ಲಿ ನಿಂತು, ಒಳಗೆ ಬರಲು ಸಂಕೋಚಪಟ್ಟು, ಅವರು ಮೆಲ್ಲಗೆ ಕರೆದರು. "ಬ್ರಿಸ್ಸಿಗಾರಿಯವರೇ."

ಪೇಪಿ ಲೋಟ ಕೆಳಗಿಟ್ಟ. ಬೆಂಚಿನ ಮೇಲೆ ವಾಲ್ಟೆರನ ಕೈ ಮೊಣಕಾಲಿನಿಂದ ಎದ್ದು ಕೆನ್ನೆಗೆ ಹೋಯಿತು.

"ಬ್ರಿಸ್ಸಿಗಾರಿಯವರೇ," ಎಂದು ಪ್ರೊಫೆಸರ್ ಮತ್ತೆ ಕರೆದರು, ಸ್ವಲ್ಪ ಗಟ್ಟಿಯಾಗಿ.

ಅಂಗಳದಲ್ಲಿ ಯಾರೂ ಓಗೊಡಲಿಲ್ಲ, ಏಣಿಯ ಮೇಲಿದ್ದವನೂ ಓಗೊಡಲಿಲ್ಲ.